ಹೆಮ್ಮೀನಿಗೆ ತಕ್ಕ ರೀಲು

ಯಾವ ಉಪಕರಣವನ್ನಾದರೂ ಕೊಳ್ಳುವುದಕ್ಕೆ ಮೊದಲು ಅದರ ಮುಖ್ಯಧರ್ಮವೇನೆಂಬುದನ್ನು ನಿಶ್ಚಯಿಸಿಕೊಳ್ಳತಕ್ಕದ್ದು. ಕತ್ತಿಗೆ ಹರಿತ, ದೀಪಕ್ಕೆ ಬೆಳಕು, ತಕ್ಕಡಿಗೆ ಸಮತೆ ಮುಖ್ಯಧರ್ಮಗಳು. ಉಳಿದ ಗುಣಗಳೆಲ್ಲ ಇವುಗಳ ಪರಿವಾರ. ಹಾಗಾದರೆ, ನಡುಗಡಲಿನಲ್ಲಿ ದೋಣಿಯಿಂದ ಗಾಳವನ್ನು ಬಿಟ್ಟು ಮನುಷ್ಯನಿಗಿಂತಲೂ ಭಾರವಾದ ಮೀನುಗಳನ್ನು ಹಿಡಿಯುವವರು ಉಪಯೋಗಿಸುವ ರೀಲಿಗೆ ಮುಖ್ಯಧರ್ಮ ಯಾವುದು? ಹತ್ತು ಮಂದಿಯನ್ನು ಕೇಳಿದರೆ ಒಂಬತ್ತು ಮಂದಿ ‘ಬಲ’ ಎಂದಾರು. ಅದು ಸರಿಯಾದ ಉತ್ತರವಲ್ಲ. ಆ ರೀಲಿನ ಮುಖ್ಯಧರ್ಮವು ಬಿಟ್ಟುಕೊಡುವುದು. ಸೋತು ಬಿಡುವುದಲ್ಲ, ಅಳತೆಯನ್ನು ತಪ್ಪದೆ ಬಿಟ್ಟುಕೊಡುವುದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡವನು ಅಂಗಡಿಯಲ್ಲಿ ಮೋಸಹೋಗುವ ಸಂಭವವೂ ಕಡಿಮೆ, ಕಡಲಿನಲ್ಲಿ ಅಪಾಯಕ್ಕೊಳಗಾಗುವ ಸಂಭವವೂ ಕಡಿಮೆ.

ಮೀನನ್ನು ತಿನ್ನದ ಮನೆಯಲ್ಲಿ ಹುಟ್ಟಿದ ಸಂಸ್ಕೃತದ ಮೇಷ್ಟರಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನಾನು ಬಾಳಿನ ಬಹುಭಾಗವನ್ನು ಕರಾವಳಿಯ ಊರಿನಲ್ಲಿ ಮೀನುಗಾರರ ಮಕ್ಕಳಿಗೆ ಪಾಠ ಹೇಳುತ್ತ ಕಳೆದವನು. ಯಂತ್ರದ ತತ್ತ್ವವನ್ನು ತಿಳಿಯುವುದಕ್ಕೆ ನಾಲಗೆಯ ಅಪ್ಪಣೆ ಬೇಕಾಗಿಲ್ಲ. ಅಲ್ಲದೆ ನಮ್ಮ ಮಕ್ಕಳು ಈಗ ಮಸ್ಕತ್ತಿನಲ್ಲಿಯೂ ದುಬಾಯಿಯಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ಇದ್ದಾರೆ. ರಜೆಯ ದಿನಗಳಲ್ಲಿ ದೋಣಿಯೇರಿ ಕಡಲಿಗೆ ಹೋಗುತ್ತಾರೆ. ದೊಡ್ಡ ರೀಲಿನ ಬೆಲೆಯೂ ಹಗುರವಾದುದಲ್ಲ. ಆದುದರಿಂದ ಗೃಹಸ್ಥರು ಇದನ್ನು ಅರಿತಿರುವುದು ನಿಷ್ಪ್ರಯೋಜಕವಾಗಲಾರದು.

ರೀಲಿನ ಪೂರ್ವಚರಿತ್ರೆ

ಗಾಳವು ಬಹು ಪ್ರಾಚೀನವಾದುದು. ಅಮರಕೋಶದಲ್ಲಿ ಅದಕ್ಕೆ ‘ಬಡಿಶ’ವೆಂಬ ಹೆಸರಿದೆ. ರೀಲು ಅಷ್ಟು ಹಳೆಯದಲ್ಲ. ಚೀನದೇಶದ ಚಿತ್ರಕಾರನಾದ ಮಾ ಯುವಾನನು ಸುಮಾರು ೧೧೯೫ರಲ್ಲಿ ಬರೆದ ಒಂದು ಚಿತ್ರದಲ್ಲಿ, ಚಳಿಗಾಲದ ಸರೋವರದ ನಡುವೆ ಒಂಟಿ ದೋಣಿಯಲ್ಲಿ ಕುಳಿತ ಬೆಸ್ತನ ಕೋಲಿಗೆ ರೀಲು ಕಟ್ಟಿರುವುದು ಕಾಣುತ್ತದೆ. ಆ ಕಾಲದ ರೀಲು ನೂಲನ್ನು ಸುತ್ತಿಡುವ ಉರುಳೆ ಮಾತ್ರವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿ ಪ್ರಾಂತ್ಯದ ಜಾರ್ಜ್ ಸ್ನೈಡರನೆಂಬ ಗಡಿಯಾರಗಾರನು, ಹಿಡಿಯನ್ನು ಒಮ್ಮೆ ತಿರುಗಿಸಿದರೆ ಉರುಳೆಯು ಹಲವು ಸಲ ತಿರುಗುವಂತೆ ಹಲ್ಲುಚಕ್ರಗಳನ್ನು ಅಳವಡಿಸಿ ನಯವಾದ ರೀಲುಗಳನ್ನು ಮಾಡಿದನು. ಹೊಳೆಯ ಮೀನುಗಳಿಗೆ ಅದು ಸಾಕಾಗಿತ್ತು.

ಕಡಲಿನ ಮೀನುಗಳ ಮಾತೇ ಬೇರೆ. ಕ್ಯಾಲಿಫೋರ್ನಿಯದ ಸಮೀಪದಲ್ಲಿ ಸಾಂತಾ ಕ್ಯಾಟಲೀನವೆಂಬ ದ್ವೀಪವಿದೆ. ೧೮೯೮ರಲ್ಲಿ ಅದರ ಬಳಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರನೆಂಬವನು ೧೮೩ ಪೌಂಡು ತೂಕದ ನೀಲರೆಕ್ಕೆಯ ಟ್ಯೂನಾ ಮೀನೊಂದನ್ನು ಕೋಲು ರೀಲುಗಳಿಂದ ಹಿಡಿದನು. ಟ್ಯೂನಾವೆಂದರೆ ನಮ್ಮ ಕರಾವಳಿಯವರು ಕೇದರ್ ಎನ್ನುವ ಮೀನಿನ ಕುಲದ್ದು. ಅದೇ ವರ್ಷ ಆ ದ್ವೀಪದ ಆವಲೋನ್ ಎಂಬ ಊರಿನಲ್ಲಿ ‘ಟ್ಯೂನಾ ಕ್ಲಬ್’ ಎಂಬ ಸಂಘವು ಹುಟ್ಟಿತು. ಅಂದಿನ ರೀಲುಗಳಲ್ಲಿ ಹಿಡಿಯೂ ಉರುಳೆಯೂ ಒಂದಕ್ಕೊಂದು ಕಟ್ಟುಬಿದ್ದಿದ್ದವು. ಮೀನು ಓಡಿದರೆ ಉರುಳೆಯು ಹಿಂದಕ್ಕೆ ತಿರುಗುವುದು. ಅದರೊಡನೆ ಹಿಡಿಯೂ ಗಿರಗಿರನೆ ಹಿಂದಕ್ಕೆ ತಿರುಗುವುದು. ಕೈಯನ್ನು ಹಿಂದೆಗೆಯಲು ತಡಮಾಡಿದವರ ಬೆರಳ ಗೆಣ್ಣುಗಳು ಜಜ್ಜಿಹೋಗುತ್ತಿದ್ದವು. ಓಟವನ್ನು ತಡೆಯಲು ಇದ್ದ ಸಾಧನವೆಂದರೆ ಉರುಳೆಯ ಮೇಲೆ ಹೆಬ್ಬೆರಳಿನಿಂದ ಒತ್ತುವ ಒಂದು ತೊಗಲಿನ ತುಂಡು.

ಈ ಸಂಕಟಕ್ಕೆ ಪರಿಹಾರವನ್ನು ಕಂಡವನು ಅದೇ ಸಂಘದ ವಿಲಿಯಂ ಬೋಷನ್. ಅವನ ಕಲ್ಪನೆಯಂತೆ ಬ್ರೂಕ್ಲಿನ್ ನಗರದ ಜೂಲಿಯಸ್ ಫೊಮ್ ಹೋಫನು ರೀಲೊಂದನ್ನು ನಿರ್ಮಿಸಿದನು. ಅದರಲ್ಲಿ ಹಿಡಿಗೂ ಉರುಳೆಗೂ ನಡುವೆ, ಹಲ್ಲುಚಕ್ರದ ಒಳಗೆ, ಒಂದರ ಮೇಲೊಂದು ಒತ್ತಿದ ಬಿಲ್ಲೆಗಳನ್ನು ಇರಿಸಿದ್ದರು. ಮೀನು ಎಳೆದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರಿ ನೂಲನ್ನು ಬಿಡುವುವು. ಹಿಡಿಯು ಮಾತ್ರ ಹಿಂದಕ್ಕೆ ತಿರುಗದೆ ನಿಂತಲ್ಲೇ ನಿಲ್ಲುವುದು. ಇಂಗ್ಲಿಷಿನಲ್ಲಿ ಇದನ್ನು ‘ಡ್ರ್ಯಾಗ್’ ಎನ್ನುವರು. ಎತ್ತಿನ ಗಾಡಿಯ ಇಳಿಜಾರಿನ ಬಿರಿಗೂ ಇದಕ್ಕೂ ತತ್ತ್ವವೊಂದೇ ಆದುದರಿಂದ ನಾನು ಇದನ್ನು ಬಿರಿಯೆಂದೇ ಕರೆಯುತ್ತೇನೆ. ೧೯೧೩ರಲ್ಲಿ ಬೋಷನ್ ಇಂಥ ರೀಲಿನಿಂದ ೩೫೫ ಪೌಂಡಿನ ಕತ್ತಿಮೀನನ್ನು ಹಿಡಿದನು. ಕೋಲು ರೀಲುಗಳಿಂದ ಆ ಜಾತಿಯ ಮೀನನ್ನು ಹಿಡಿದವರಲ್ಲಿ ಅವನೇ ಮೊದಲಿಗನೆಂದು ಪ್ರಸಿದ್ಧಿ. ಅನಂತರ ಬಂದ ದೊಡ್ಡ ರೀಲುಗಳೆಲ್ಲವೂ ಈ ತತ್ತ್ವವನ್ನೇ ಬೆಳೆಸಿದುವು. ಆಲ್ಫ್ರೆಡ್ ಗ್ಲಾಸೆಲ್ ಎಂಬವನು ೧೯೫೩ರ ಆಗಸ್ಟ್ ೪ರಂದು ಪೆರು ದೇಶದ ಕಾಬೋ ಬ್ಲಾಂಕೋ ಎಂಬಲ್ಲಿ ೧,೫೬೦ ಪೌಂಡಿನ, ಎಂದರೆ ಸುಮಾರು ೭೦೭ ಕಿಲೋಗ್ರಾಂ ತೂಕದ ಕರಿ ಮಾರ್ಲಿನ್ ಮೀನನ್ನು ಎರಡು ಗಂಟೆಗಳೊಳಗಾಗಿ ದೋಣಿಯ ಬದಿಗೆ ತಂದನು.

ಬಿರಿಯಿಲ್ಲದಿದ್ದರೆ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಹೆಮಿಂಗ್ವೇಯು ೧೯೫೨ರಲ್ಲಿ ಪ್ರಕಟಿಸಿದ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಎಂಬ ಕಥೆಯ ಮುದುಕನನ್ನು ನೆನೆಯಬಹುದು. ಅವನಲ್ಲಿದ್ದುದು ಬರಿಯ ಕೈನೂಲು. ರೀಲು ಮಾಡತಕ್ಕ ಕೆಲಸವನ್ನೆಲ್ಲ ಅವನ ಅಂಗೈಗಳೂ ಬೆನ್ನೂ ಮಾಡಿದುವು, ಅಂಗೈ ಕೊಯ್ದುಹೋಯಿತು. ನಮ್ಮ ಹಳೆಯ ಮೀನುಗಾರರ ಅಂಗೈಗಳನ್ನು ನೋಡಿದವರಿಗೆ ಇದು ಕಥೆಯಾಗಿ ತೋರದು.

ಬಲವೆಂಬ ಭ್ರಾಂತಿ

ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ವರ್ಷಗಳ ಹಿಂದೆ ನನಗೊಂದು ಪತ್ರವನ್ನು ಬರೆದನು. ಅವನು ಯಾರಿಂದಲೋ ಹಳೆಯ ರೀಲೊಂದನ್ನು ಕೊಂಡು, ಅದಕ್ಕೆ ದಪ್ಪನೆಯ ನೂಲನ್ನು ಸುತ್ತಿ, ಭುಜಕ್ಕೆ ಕಟ್ಟುವ ಪಟ್ಟಿಗಳನ್ನು ರೀಲಿನ ಕಿವಿಗಳಿಗೆ ಕೊಕ್ಕೆಹಾಕಿಕೊಂಡು ಸ್ನೇಹಿತರೊಡನೆ ಕಡಲಿಗೆ ಹೋಗಿದ್ದನು. ಹಳದಿರೆಕ್ಕೆಯ ಟ್ಯೂನಾ ಒಂದು ಗಾಳವನ್ನು ಕಚ್ಚಿ ನೇರವಾಗಿ ಆಳಕ್ಕಿಳಿಯಿತು. ರೀಲಿನ ಒಳಗಿನ ಬಿಲ್ಲೆಗಳು ಉಪ್ಪು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದುದರಿಂದ ನೂಲು ಒಂದು ಅಂಗುಲವೂ ಬಿಡಲಿಲ್ಲ. ನೂಲು ದಪ್ಪವಾಗಿದ್ದುದರಿಂದ ಹರಿಯಲೂ ಇಲ್ಲ. ಹುಡುಗನು ದೋಣಿಯ ಅಂಚಿಗೆ ಬಡಿದು ಅರ್ಧದೇಹ ಹೊರಗೆ ಬಾಗಿದ್ದಾಗ ಜತೆಯವನೊಬ್ಬನು ಚೂರಿಯಿಂದ ನೂಲನ್ನು ಕತ್ತರಿಸಿ ಅವನನ್ನು ಉಳಿಸಿದನು. ಪತ್ರದ ಕೊನೆಯ ವಾಕ್ಯವೇ ನನ್ನನ್ನು ಬೆಚ್ಚಿಬೀಳಿಸಿದುದು: ‘ಮಾಸ್ತರೇ, ಆ ರೀಲಿಗೆ ಬಲ ಸಾಲಲಿಲ್ಲ, ಇನ್ನೂ ಬಲವಾದುದನ್ನು ಕೊಳ್ಳಬೇಕೆಂದಿದ್ದೇನೆ. ತಾವು ಲೆಕ್ಕಾಚಾರ ಬಲ್ಲವರು, ಹೇಗೆ ಆರಿಸಲಿ?’

ಅವನ ರೀಲಿಗೆ ಬಲವು ಕಡಿಮೆಯಾಗಿರಲಿಲ್ಲ. ಬಿಡುವ ಗುಣವು ಸತ್ತುಹೋಗಿತ್ತು. ಅಪಾಯದ ಕಾರಣವನ್ನೇ ಪರಿಹಾರವೆಂದು ಭ್ರಮಿಸುವುದು ಹೀಗೆ. ಅವನಿಗೆ ಬರೆದ ಉತ್ತರದ ಸಾರಾಂಶವೇ ಮುಂದಿನದು.

ಮೊದಲು ಮೀನು, ಅನಂತರ ನೂಲು, ಕೊನೆಗೆ ರೀಲು

ಆರಿಸುವ ಕ್ರಮವು ಇದು. ಯಾವ ಮೀನನ್ನು ಹಿಡಿಯಬೇಕೆಂಬುದರಿಂದ ನೂಲಿನ ಬಲವೂ, ನೂಲಿನ ಬಲದಿಂದ ರೀಲಿನ ಗಾತ್ರವೂ ನಿಶ್ಚಯವಾಗತಕ್ಕದ್ದು. ೧೯೩೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘವು ದಾಖಲೆಗಳಿಗಾಗಿ ನೂಲುಗಳನ್ನು ದರ್ಜೆಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ಅತ್ಯಂತ ಭಾರವಾದುದು ೧೩೦ ಪೌಂಡಿನದು. ಸಾವಿರ ಪೌಂಡಿನ ಮೀನನ್ನು ಹಿಡಿಯುವ ನೂಲು ೧೩೦ ಪೌಂಡಿಗೆ ಹರಿಯತಕ್ಕದ್ದೆಂದ ಮೇಲೆ, ಜಯವು ನೂಲಿನ ಬಲದಿಂದಲ್ಲ, ಬಿರಿಯ ನಯದಿಂದಲೇ ದೊರೆಯುವುದೆಂದು ಸ್ಪಷ್ಟವಾಗುತ್ತದೆ. ಈಗಿನ ದೊಡ್ಡ ರೀಲುಗಳ ಮೇಲೆ ೩೦, ೫೦, ೮೦, ೧೩೦ ಎಂಬ ಅಂಕೆಗಳಿರುತ್ತವೆ. ಅವು ಆಯಾ ರೀಲಿಗೆ ಒಪ್ಪುವ ನೂಲಿನ ದರ್ಜೆಯನ್ನು ಪೌಂಡುಗಳಲ್ಲಿ ಸೂಚಿಸುತ್ತವೆ. ಅಂಗಡಿಯವನು ದೊಡ್ಡ ಅಂಕೆಯನ್ನು ತೋರಿಸಿ ಹೊಗಳಿದರೆ ಮರುಳಾಗಬಾರದು. ಅಗತ್ಯಕ್ಕಿಂತ ಹಿರಿದಾದ ರೀಲು ದಿನವೆಲ್ಲ ಹಿಡಿದವನ ತೋಳನ್ನು ದಣಿಸುವುದಲ್ಲದೆ ಬೇರೇನನ್ನೂ ಸಾಧಿಸದು.

ಬಿರಿಯ ಪರೀಕ್ಷೆ

ಬಿರಿಗಳು ಎರಡು ಬಗೆ. ಮೊದಲನೆಯದು ನಕ್ಷತ್ರಾಕಾರದ ಬಿರಿ. ಹಿಡಿಯ ಬುಡದಲ್ಲಿ ನಕ್ಷತ್ರದಂತೆ ಕೈಗಳುಳ್ಳ ಚಕ್ರವಿದ್ದು, ಅದನ್ನು ತಿರುಗಿಸಿದಂತೆ ಒಳಗಿನ ಬಿಲ್ಲೆಗಳು ಬಿಗಿಯುತ್ತವೆ. ಇದು ಸರಳವಾದುದು, ಬೆಲೆಯೂ ಕಡಿಮೆ. ಆದರೆ ಎಷ್ಟು ಬಿಗಿಯಾಗಿದೆಯೆಂಬುದು ಕಣ್ಣಿಗೆ ಕಾಣದು, ಮೊದಲಿನ ಬಿಗಿಗೆ ಮರಳಿ ತರುವುದೂ ಕಷ್ಟ. ಎರಡನೆಯದು ಸನ್ನೆಯ ಬಿರಿ. ರೀಲಿನ ಪಕ್ಕದಲ್ಲಿರುವ ಸನ್ನೆಯನ್ನು ಮುಂದಕ್ಕೆ ತಳ್ಳಿದಂತೆಲ್ಲ ಅಗಲವಾದ ತಟ್ಟೆಗಳೆರಡು ಸಮೀಪಿಸಿ ಒತ್ತುತ್ತವೆ. ಸನ್ನೆಯು ಎಲ್ಲಿದೆಯೆಂಬುದನ್ನು ನೋಡಿದ ಮಾತ್ರದಿಂದ ಬಿಗಿಯೆಷ್ಟೆಂದು ತಿಳಿಯುವುದು. ಮೀನು ಕಚ್ಚಿದಾಗ ಸನ್ನೆಯು ನಿಲ್ಲಬೇಕಾದ ನೆಲೆಯಲ್ಲಿ ಒಂದು ಗುಂಡಿಯ ತಡೆಯೂ ಇರುತ್ತದೆ. ನಿಜವಾಗಿಯೂ ದೊಡ್ಡ ಮೀನುಗಳನ್ನು ಬಯಸುವವನಿಗೆ ಎರಡನೆಯದೇ ಮೇಲು.

ಬಿಗಿಯೆಷ್ಟಿರಬೇಕು? ನೂಲು ಹರಿಯುವ ತೂಕದ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲಿನವರೆಗೆ ಎಂಬುದು ಅನುಭವಿಗಳ ನಿಯಮ. ೮೦ ಪೌಂಡಿನ ನೂಲು ಸುಮಾರು ೩೬ ಕಿಲೋಗ್ರಾಂಗಳಿಗೆ ಹರಿಯುವುದು. ಅದಕ್ಕೆ ೯ರಿಂದ ೧೨ ಕಿಲೋಗ್ರಾಂ ಬಿಗಿ ಸಾಕು. ಇದನ್ನು ಊಹೆಯಿಂದ ಗೊತ್ತುಮಾಡಕೂಡದು. ನೂಲಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು, ನೂಲು ಜಾರತೊಡಗಿದಾಗ ಮುಳ್ಳು ಎಲ್ಲಿದೆಯೆಂಬುದನ್ನು ನೋಡತಕ್ಕದ್ದು. ಆಗಲೇ ಇನ್ನೊಂದು ಸಂಗತಿಯನ್ನು ಗಮನಿಸಿರಿ: ಜಾರುವುದಕ್ಕೆ ಮೊದಲು ಮುಳ್ಳು ಮೇಲಕ್ಕೆ ನೆಗೆದು, ಜಾರಿದೊಡನೆ ಕೆಳಕ್ಕೆ ಬಿದ್ದರೆ ಆ ಬಿರಿಯು ಒಳ್ಳೆಯದಲ್ಲ. ಅಂಥ ಬಿರಿಯು ಮೀನಿನ ಮೊದಲ ಧಾವನೆಯಲ್ಲಿಯೇ ನೂಲನ್ನು ಹರಿಯುವುದು. ಒಳ್ಳೆಯ ಬಿರಿಯು ಬೆಣ್ಣೆಯಲ್ಲಿ ಚಾಕು ಹಾಯುವಂತೆ ಒಂದೇ ಸಮನಾಗಿ ಜಾರುವುದು. ಇಂದು ಒಳ್ಳೆಯ ರೀಲುಗಳಲ್ಲಿ ಬಿಲ್ಲೆಗಳನ್ನು ಕಾರ್ಬನ್ ನಾರಿನಿಂದ ಮಾಡುತ್ತಾರೆ. ಅವು ಹಿಂದಿನ ತೊಗಲಿನ ಬಿಲ್ಲೆಗಳಂತೆ ಕಾವಿಗೆ ಕೆಡುವುದಿಲ್ಲ.

ಕಾವೆಂದರೆ ಎಷ್ಟು? ಶಾಲೆಯ ಲೆಕ್ಕವೇ ಸಾಕು. ೧೨ ಕಿಲೋಗ್ರಾಂ ಬಿಗಿಗೆ ಎದುರಾಗಿ ಮೀನು ೩೦೦ ಮೀಟರು ಓಡಿತೆನ್ನಿ. ಅದು ಮಾಡಿದ ಕೆಲಸವು ಸುಮಾರು ೩೫,೦೦೦ ಜೂಲುಗಳು. ಈ ಶಕ್ತಿಯು ಬಹುಮಟ್ಟಿಗೆ ಬಿಲ್ಲೆಗಳಲ್ಲಿ ಕಾವಾಗಿ ಮಾರ್ಪಡುವುದು. ಒಂದು ಸಣ್ಣ ಲೋಟದ ನೀರನ್ನು, ಎಂದರೆ ೩೦ ಡಿಗ್ರಿಯಲ್ಲಿರುವ ೧೨೦ ಗ್ರಾಂ ನೀರನ್ನು, ಕುದಿಯುವ ಮಟ್ಟಕ್ಕೆ ಮುಟ್ಟಿಸಲು ಅಷ್ಟು ಶಕ್ತಿ ಸಾಕು. ಮೀನು ಅದನ್ನು ಅರ್ಧ ನಿಮಿಷದಲ್ಲಿ ಮುಷ್ಟಿಗಾತ್ರದ ಯಂತ್ರದೊಳಗೆ ಸುರಿಯುವುದು. ಹೀಗಿರುವಾಗ ಬಿರಿಯ ತಟ್ಟೆಯು ಅಗಲವಾಗಿಯೂ ಅದರ ಕಾವನ್ನು ಹೊರಗಿನ ಲೋಹವು ಸೆಳೆದುಕೊಳ್ಳುವಂತೆಯೂ ಇರುವ ರೀಲನ್ನೇ ಆರಿಸತಕ್ಕದ್ದೆಂಬುದನ್ನು ವಿವರಿಸಬೇಕಾಗಿಲ್ಲ.

ಉರುಳೆಯ ಸೂಕ್ಷ್ಮ

ರೀಲನ್ನು ಕೊಳ್ಳುವವರಲ್ಲಿ ಬಹುಮಂದಿ ಅರಿಯದ ಸೂಕ್ಷ್ಮವೊಂದಿದೆ. ಬಿರಿಯ ಸನ್ನೆಯನ್ನು ಮುಟ್ಟದೆಯೇ ಬಿಗಿಯು ಹೆಚ್ಚುತ್ತ ಹೋಗಬಲ್ಲದು. ಹೇಗೆಂದರೆ, ನೂಲು ಹೊರಕ್ಕೆ ಹೋದಂತೆಲ್ಲ ಉರುಳೆಯ ಮೇಲಿನ ಸುತ್ತು ಕಿರಿದಾಗುವುದು. ಬಾವಿಯ ರಾಟೆ ಚಿಕ್ಕದಾದಷ್ಟೂ ಅದನ್ನು ತಿರುಗಿಸಲು ಹಗ್ಗವನ್ನು ಬಲವಾಗಿ ಎಳೆಯಬೇಕಾಗುವಂತೆ, ಉರುಳೆಯ ವ್ಯಾಸವು ಅರ್ಧವಾದಾಗ ನೂಲಿನ ಮೇಲಿನ ಬಿಗಿಯು ಇಮ್ಮಡಿಯಾಗುವುದು. ಮೊದಲು ೧೨ ಕಿಲೋಗ್ರಾಂ ಇದ್ದುದು ಈಗ ೨೪ ಆಯಿತು. ಇದಕ್ಕೆ ನೂರಾರು ಮೀಟರು ಉದ್ದದ ನೂಲನ್ನು ನೀರಿನಲ್ಲಿ ಎಳೆಯುವ ತಡೆಯೂ ಸೇರುವುದು. ಗಂಟು ಹಾಕಿದ ಕಡೆಯಲ್ಲಿ ನೂಲಿನ ಬಲವು ಮೊದಲೇ ಕುಗ್ಗಿರುವುದು. ೩೬ ಕಿಲೋಗ್ರಾಂಗಳ ನೂಲು ಹರಿಯಲು ಇನ್ನೇನು ಬೇಕು?

ಇಂಥ ಸಮಯದಲ್ಲಿ ಹೊಸಬನು ‘ಮೀನು ಕೈಬಿಟ್ಟುಹೋಗುತ್ತಿದೆ’ ಎಂದು ಗಾಬರಿಗೊಂಡು ಬಿರಿಯನ್ನು ಇನ್ನೂ ಬಿಗಿಯುತ್ತಾನೆ. ಅನುಭವಿಯು ಸನ್ನೆಯನ್ನು ಹಿಂದಕ್ಕೆಳೆದು ಸಡಿಲಿಸುತ್ತಾನೆ. ಮೊದಲನೆಯವನ ಕೈಯಲ್ಲಿ ತುಂಡುನೂಲು ಉಳಿಯುವುದು, ಎರಡನೆಯವನ ಕೈಯಲ್ಲಿ ಮೀನು ಉಳಿಯುವುದು. ಆದುದರಿಂದ ಉರುಳೆಯು ಅಗಲವಾಗಿದ್ದು ಸಾಕಷ್ಟು ನೂಲನ್ನು ಹಿಡಿಸಿಕೊಳ್ಳುವಂತಿರಬೇಕು. ಮೀನು ದೂರ ಓಡಿದ ಮೇಲೂ ಅರ್ಧಕ್ಕಿಂತ ಹೆಚ್ಚು ವ್ಯಾಸವು ಉಳಿಯಬೇಕು. ನೂಲನ್ನು ಉರುಳೆಯ ಅಂಚಿನವರೆಗೆ ತುಂಬಿಸುವುದು ಇದಕ್ಕಾಗಿಯೇ.

ಹಲ್ಲುಚಕ್ರಗಳೂ ಒಡಲೂ

ಹಲ್ಲುಚಕ್ರಗಳಲ್ಲಿ ವೇಗವನ್ನು ಬಯಸಿದರೆ ಬಲವು ಕುಗ್ಗುವುದು, ಬಲವನ್ನು ಬಯಸಿದರೆ ವೇಗವು ಕುಗ್ಗುವುದು. ೧೦ ಸೆಂಟಿಮೀಟರು ವ್ಯಾಸದ ತುಂಬಿದ ಉರುಳೆಯು ಹಿಡಿಯ ಒಂದು ಸುತ್ತಿಗೆ ಮೂರು ಸಲ ತಿರುಗಿದರೆ ಸುಮಾರು ೯೪ ಸೆಂಟಿಮೀಟರು ನೂಲು ಒಳಗೆ ಬರುವುದು. ಒಂದೂವರೆ ಸಲ ತಿರುಗಿದರೆ ೪೭ ಮಾತ್ರ. ಮೀನು ದೋಣಿಯ ಕಡೆಗೇ ಧಾವಿಸಿ ಬಂದಾಗ ಸಡಿಲಾದ ನೂಲನ್ನು ಬೇಗ ಸುತ್ತಲು ಮೊದಲನೆಯದು ಬೇಕು. ಟ್ಯೂನಾ ಆಳದಲ್ಲಿ ಬಂಡೆಯಂತೆ ನಿಂತಾಗ ಅದನ್ನು ಗೇಣುಗೇಣಾಗಿ ಎತ್ತಲು ಎರಡನೆಯದು ಬೇಕು. ಗುಂಡಿಯನ್ನೊತ್ತಿ ಎರಡನ್ನೂ ಪಡೆಯಬಹುದಾದ ಇಬ್ಬಗೆಯ ವೇಗದ ರೀಲುಗಳು ಈಗ ದೊರೆಯುತ್ತವೆ. ದೊಡ್ಡ ಮೀನುಗಳಿಗೆ ಹೆಚ್ಚು ಹಣವನ್ನು ಇಂಥದಕ್ಕೆ ಕೊಡುವುದು ದುಂದುವೆಚ್ಚವಲ್ಲ.

ರೀಲಿನ ಒಡಲು ಒಂದೇ ಗಟ್ಟಿ ಲೋಹದಿಂದ ಕಡೆದುದಾದರೆ ಉತ್ತಮ. ತಿರುಪುಗಳಿಂದ ಜೋಡಿಸಿದ ತೆಳು ಫಲಕಗಳು ಭಾರಕ್ಕೆ ಬಾಗಿದರೆ ಉರುಳೆಯು ಅಂಚಿಗೆ ಉಜ್ಜಿ ನಿಂತುಬಿಡುವುದು. ಭುಜಪಟ್ಟಿಯನ್ನು ತಗುಲಿಸುವ ಎರಡು ಕಿವಿಗಳೂ, ಕೋಲಿಗೆ ಬಿಗಿಯುವ ಪಟ್ಟಿಯೂ ಗಟ್ಟಿಯಾಗಿರಬೇಕು. ನೂಲು ಹೊರಡುವಾಗ ‘ಕಟಕಟ’ ಸದ್ದು ಮಾಡುವ ಸಣ್ಣ ನಾಲಗೆಯೂ ಇರಬೇಕು. ಅದು ಮೀನು ಕಚ್ಚಿದುದನ್ನು ಸಾರುವ ಡಂಗುರ.

ಹಳೆಯ ರೀಲನ್ನು ಕೊಳ್ಳುವವರು ತಿರುಪುಗಳ ಸುತ್ತ ಬಿಳಿಯ ಬೂಷ್ಟಿನಂತಹ ಉಪ್ಪಿದೆಯೇ ಎಂದು ನೋಡಬೇಕು. ಹಿಡಿಯನ್ನು ಹಿಡಿದು ಅತ್ತಿತ್ತ ಅಲುಗಿಸಬೇಕು. ಬಿರಿಯನ್ನು ಪೂರ್ತಿ ಸಡಿಲಿಸಿದಾಗ ಉರುಳೆಯು ನಿರಾಯಾಸವಾಗಿ ತಿರುಗುವುದೇ ಎಂದು ಪರೀಕ್ಷಿಸಬೇಕು. ಒಳಗನ್ನು ಬಿಚ್ಚಿ ತೋರಿಸಲು ಒಪ್ಪದವನ ಬಳಿ ಕೊಳ್ಳಬೇಡಿರಿ.

ಮನೆಯಲ್ಲಿ ಪಾಲನೆ

ಕಡಲಿನಿಂದ ಬಂದ ದಿನವೇ ರೀಲನ್ನು ಸಿಹಿನೀರಿನಿಂದ ಮೃದುವಾಗಿ ತೊಳೆಯತಕ್ಕದ್ದು. ನಲ್ಲಿಯ ನೀರನ್ನು ರಭಸದಿಂದ ಬಿಟ್ಟರೆ ಉಪ್ಪು ಹೊರಕ್ಕೆ ಹೋಗುವ ಬದಲು ಒಳಕ್ಕೆ ನುಗ್ಗುವುದು. ಒರೆಸಿ ಆರಿಸಿದ ಮೇಲೆ ಬಿರಿಯನ್ನು ಪೂರ್ತಿಯಾಗಿ ಸಡಿಲಿಸಿಯೇ ಇಡತಕ್ಕದ್ದು. ಬಿಗಿದಿಟ್ಟರೆ ಬಿಲ್ಲೆಗಳು ಅದುಮಿಕೊಂಡು ಅಂಟುವುವು. ಮಸ್ಕತ್ತಿನ ಹುಡುಗನು ಕೊಂಡ ರೀಲಿಗೆ ಆಗಿದ್ದುದು ಇದೇ. ಮುಂದಿನ ಪ್ರಯಾಣದ ಮುನ್ನಾದಿನ ತಕ್ಕಡಿಯಿಂದ ಮತ್ತೊಮ್ಮೆ ಅಳೆಯುವುದನ್ನು ಮರೆಯಬಾರದು. ಭುಜಪಟ್ಟಿಯನ್ನು ಧರಿಸುವವನ ಪಕ್ಕದಲ್ಲಿ ಕೈಗೆಟಕುವಂತೆ ಹರಿತವಾದ ಚೂರಿಯೊಂದು ಇರಲೇಬೇಕು.

ಮೀನಿನ ಪಕ್ಷದಿಂದಲೂ ಒಂದು ಮಾತನ್ನು ಹೇಳತಕ್ಕದ್ದಿದೆ. ತೆಳುನೂಲಿನಲ್ಲಿ ದೊಡ್ಡ ಮೀನನ್ನು ಗಂಟೆಗಟ್ಟಲೆ ಆಡಿಸುವುದನ್ನು ಕೆಲವರು ಪರಾಕ್ರಮವೆಂದೆಣಿಸುವರು. ಹಾಗೆ ಬಹುಕಾಲ ಸೆಣಸಿ ಬಳಲಿದ ಮೀನು, ಕರುಣೆಯಿಂದ ಬಿಟ್ಟರೂ ಬದುಕುವುದು ಸಂದೇಹ. ಸೋತ ಮೀನಿಗೆ ಶಾರ್ಕುಗಳೂ ಮುತ್ತುವುವು. ೧೯೩೦ರಲ್ಲಿ ತಹೀತಿ ದ್ವೀಪದ ಬಳಿ ಕಾದಂಬರಿಕಾರನಾದ ಜೇನ್ ಗ್ರೇ ಹಿಡಿದ ಸಾವಿರ ಪೌಂಡಿಗೂ ಮೀರಿದ ಮಾರ್ಲಿನ್ ಮೀನನ್ನು ದೋಣಿಗೆ ಎಳೆದುಕೊಳ್ಳುವ ಮೊದಲೇ ಶಾರ್ಕುಗಳು ಕಚ್ಚಿ ತಿಂದಿದ್ದುವು. ಮೀನಿಗೆ ತಕ್ಕ ನೂಲನ್ನೂ ಅದಕ್ಕೆ ತಕ್ಕ ರೀಲನ್ನೂ ಇಟ್ಟುಕೊಂಡು ಹೋರಾಟವನ್ನು ಬೇಗನೆ ಮುಗಿಸುವುದೇ ಧರ್ಮವೂ ಜಾಣ್ಮೆಯೂ ಆಗಿದೆ.

ಮಗನೋ ಅಳಿಯನೋ ಇಂಥ ರೀಲೊಂದನ್ನು ಕೊಳ್ಳಹೊರಟಾಗ ಮನೆಯ ಹಿರಿಯರು ಮೂರೇ ಪ್ರಶ್ನೆಗಳನ್ನು ಕೇಳಲಿ: ಇದರ ಬಿರಿಯು ಒಂದೇ ಸಮನಾಗಿ ಜಾರುವುದೇ? ನೂಲು ದೂರ ಹೋದ ಮೇಲೂ ಉರುಳೆಯಲ್ಲಿ ಸಾಕಷ್ಟು ಉಳಿಯುವುದೇ? ಇದನ್ನು ಬಿಚ್ಚಿ ತೊಳೆದು ಜೋಡಿಸಲು ನಿನಗೆ ಬರುವುದೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಹೊಳಪನ್ನೂ ಹೆಸರನ್ನೂ ನೋಡದೆ ಹಣವನ್ನು ಕೊಡಬಹುದು. ಒಂದಕ್ಕಾದರೂ ‘ಇಲ್ಲ’ ಎಂದರೆ ರೀಲು ಎಷ್ಟೇ ಬಲವಾಗಿದ್ದರೂ ಅಂಗಡಿಯಲ್ಲಿಯೇ ಇರಲಿ.